ಹಾಲಿನ ಡೈರಿ ಗೋಡೆಯ ಮೇಲೆ ಏಳನೇ ಕ್ಲಾಸು

ಈ ವಾರ ಬರೆಯುತ್ತಿರುವ ಘಟನೆ ಹೀಗೇ ನಡೆಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ.

ನಾನು ಅಲ್ಲೇ ನಿಂತಿದ್ದೆ, ಮೂರು ಮಾರು ದೂರದಲ್ಲಿ. ಕಣ್ಣು ನೆಟ್ಟಗಿತ್ತು, ಕಿವಿ ನೆಟ್ಟಗಿತ್ತು. ಆದರೂ ಹೇಳಲಾರೆ. ಯಾಕೆಂದರೆ ಇದನ್ನು ಈಗಾಗಲೇ ಹತ್ತು ಹನ್ನೆರಡು ಜನರಿಗೆ ಹೇಳಿಬಿಟ್ಟಿದ್ದೇನೆ. ನನ್ನ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಬಂದವರಿಗೆ, ಶಿಕಾರಿಪುರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎದುರು ಕೂತವರಿಗೆ, ಕಟಿಂಗ್ ಶಾಪಿನಲ್ಲಿ ಕತ್ತರಿ ಹಿಡಿದವನಿಗೆ. ಹೇಳಿದಷ್ಟು ಸಲ ಕಥೆ ಚೆಂದವಾಗಿದೆ. ಚೆಂದವಾದಷ್ಟೂ ನನಗೆ ಅನುಮಾನ ಜಾಸ್ತಿಯಾಗಿದೆ.

ಯೂನಿವರ್ಸಿಟಿಯಲ್ಲಿ ಎರಡು ವರ್ಷ ಸಮಾಜಶಾಸ್ತ್ರ ಓದಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ: 'ನಾನೇ ಕಣ್ಣಾರೆ ನೋಡಿದೆ' ಎನ್ನುವವನ ಮಾತನ್ನು ಎರಡು ಸಲ ಕೇಳು. ಆಗ ನಮಗೆ ಪಾಠ ಹೇಳಿದವರು ಬೇರೆಯವರ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ನನ್ನ ಹೆಂಡತಿ ಸುಮಾಳೂ ಅಲ್ಲೇ ಇದ್ದಳು. ಅವಳ ಪ್ರಕಾರ ನಾನು ಹೇಳುವುದರಲ್ಲಿ ಅರ್ಧ ಆಗಿಯೇ ಇಲ್ಲ, ಇನ್ನರ್ಧ ಹಾಗೆ ಆಗಿಲ್ಲ.

ಇರಲಿ. ಎಲ್ಲಿ ಅನುಮಾನ ಇದೆಯೋ ಅಲ್ಲಿ ಹೇಳಿಬಿಡುತ್ತೇನೆ. ನೀವು ಅಳೆದುಕೊಳ್ಳಿ.

ಸುಮಾ ಸೊರಬ ತಾಲೂಕಿನಲ್ಲಿ, ಜಡೆ ಕಡೆಯ ಒಂದು ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಾಳೆ. (ಊರಿನ ಹೆಸರು ಬರೆಯಬಾರದು, ಜನರ ಹೆಸರು ಬದಲಿಸಬೇಕು. ಷರತ್ತು ಅವಳದು. ಈ ಬರಹವನ್ನು ನಿಮಗಿಂತ ಮೊದಲು ಓದಿದವಳೂ ಅವಳೇ.) ದಿನಾ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಹೋಗಿ ಬರುವುದು. ಎರಡು ಬಸ್ಸು ಬದಲಿಸಬೇಕು. ಬಸ್ಸಿನಲ್ಲಿ ಕೂತು ಯೋಚನೆ ಮಾಡುತ್ತಾಳೆ. ಮನೆಗೆ ಬಂದು ನನ್ನ ತಲೆ ತಿನ್ನುತ್ತಾಳೆ.

ಕಳೆದ ವರ್ಷವಿಡೀ ಅವಳ ಯೋಚನೆ ಒಂದೇ. ಏಳನೇ ಕ್ಲಾಸಿನ ಮಕ್ಕಳು ಶಾಲೆಯಲ್ಲಿ ಇವತ್ತು ಏನು ಮಾಡಿದರು, ಮನೆಯಲ್ಲಿ ಏನು ಮಾಡಬೇಕು ಅನ್ನುವುದನ್ನು ತಂದೆ ತಾಯಿಗೆ ಮುಟ್ಟಿಸುವುದು ಹೇಗೆ?

'ವಾಟ್ಸಾಪ್ ಗ್ರೂಪ್ ಇದೆಯಲ್ಲ?' ಅಂದಿದ್ದೆ ನಾನು.

'ಇದೆ. ನೋಡ್ರೀ ಇಲ್ಲಿ' ಅಂತ ಫೋನು ಮುಂದೆ ಹಿಡಿದಳು.

ನೋಡಿದೆ. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಮೇಲೆ ಶುಭೋದಯ. ಆರೂಕಾಲಿಗೆ ಇನ್ನೊಂದು ಗುಲಾಬಿ. ಒಂದು ದೇವಸ್ಥಾನದ ವಿಡಿಯೋ. ಸಕ್ಕರೆ ಕಾಯಿಲೆಗೆ ಮನೆಮದ್ದು. ಯಾರದೋ ಟ್ರ್ಯಾಕ್ಟರ್ ಮಾರಾಟಕ್ಕಿದೆ. ಅದರ ಕೆಳಗೆ, ಅಡಿಯಲ್ಲಿ ಸಿಕ್ಕಿಕೊಂಡ ಹಾಗೆ, 'ಅಭ್ಯಾಸ 2.3, ಲೆಕ್ಕ 1ರಿಂದ 4'. ಅದರ ಕೆಳಗೆ ಇಬ್ಬರು ಕೈ ಮುಗಿದಿದ್ದರು. ಲೆಕ್ಕಕ್ಕೆ ಕೈ ಮುಗಿದರೋ ಟೀಚರಿಗೋ ಗೊತ್ತಿಲ್ಲ.

'ಫೋನು ಇರೋದು ಅಪ್ಪಂದಿರ ಹತ್ತಿರ. ಅಪ್ಪ ಇರೋದು ಆನವಟ್ಟಿ ಸಂತೇಲಿ. ಹೋಂವರ್ಕ್ ಅವರ ಜೇಬಲ್ಲಿ, ಮಗು ಮನೇಲಿ' ಅಂದಳು.

ಶಿಕಾರಿಪುರದ ದೊಡ್ಡ ಶಾಲೆಗಳಲ್ಲಿ ಇದಕ್ಕೆಲ್ಲ ಆಪ್ ಬಂದಿದೆ. ಟಣ್ ಅಂದರೆ ಕ್ಲಾಸ್‌ವರ್ಕ್, ಟಣ್ ಟಣ್ ಅಂದರೆ ಹೋಂವರ್ಕ್. ನನ್ನ ಗೆಳೆಯನೊಬ್ಬ ಆ ಸದ್ದು ತಾಳಲಾರದೆ ಸೈಲೆಂಟ್ ಮಾಡಿಟ್ಟಿದ್ದಾನೆ. ಅಂದರೆ ಸಲಕರಣೆ ಇದ್ದ ಮಾತ್ರಕ್ಕೆ ಸುದ್ದಿ ಮುಟ್ಟುತ್ತದೆ ಅಂತೇನೂ ಇಲ್ಲ.

ಅಷ್ಟಕ್ಕೂ ತಂದೆ ತಾಯಿಗೆ ಯಾಕೆ ಮುಟ್ಟಬೇಕು? ನಾನು ಇದನ್ನೂ ಕೇಳಿದ್ದೆ. ನಮ್ಮ ಕಾಲದಲ್ಲಿ ಅಪ್ಪನಿಗೆ ನಾನು ಎಷ್ಟನೇ ಕ್ಲಾಸು ಅನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ. (ಇದೂ ನನ್ನ ನೆನಪು. ಅಪ್ಪನನ್ನು ಕೇಳಿದರೆ ಬೇರೆ ಹೇಳಿಯಾರು.)

'ಉತ್ತರ ಗೊತ್ತಿರಬೇಕಾಗಿಲ್ಲ ರೀ. ಪ್ರಶ್ನೆ ಗೊತ್ತಿದ್ದರೆ ಸಾಕು. ಮನೇಲಿ ಒಬ್ಬರು ಕೇಳ್ತಾರೆ ಅನ್ನೋದು ಗೊತ್ತಿದ್ದರೆ ಮಗು ಕ್ಲಾಸಲ್ಲಿ ಬೇರೆ ಥರ ಕೂರುತ್ತೆ.'

ಒಂದು ಸಂಜೆ ಬಸ್ಸಿಗೆ ಕಾಯುತ್ತ ಅವಳಿಗೆ ಕಂಡದ್ದು ಎದುರಿಗಿದ್ದ ಹಾಲಿನ ಡೈರಿ. ದಿನಕ್ಕೆ ಎರಡು ಸಲ ಆ ಊರಿನ ಅರ್ಧಕ್ಕರ್ಧ ಮನೆಯವರು ಕ್ಯಾನು ಹಿಡಿದು ಅಲ್ಲಿಗೆ ಬರುತ್ತಾರೆ. ಬರುವವರಲ್ಲಿ ಹೆಂಗಸರೇ ಹೆಚ್ಚು. ಸಾಲಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲುತ್ತಾರೆ. ನಿಂತವರು ಏನು ಮಾಡುತ್ತಾರೆ? ಎದುರಿನ ಗೋಡೆ ನೋಡುತ್ತಾರೆ. ಗೋಡೆ ಖಾಲಿ ಇತ್ತು.

ಡೈರಿಯ ಕಾರ್ಯದರ್ಶಿ ಶೇಖರಪ್ಪನವರು ಮೊದಲು ಒಪ್ಪಲಿಲ್ಲ.

'ಹಾಲಿನ ವಿಚಾರ ಬಿಟ್ಟು ಬೇರೆ ಬರೆಯಂಗಿಲ್ಲ ಟೀಚರ್ರೆ. ರೂಲ್ಸ್ ಐತೆ.'

'ಎಲ್ಲಿ, ತೋರ್ಸಿ.'

ಅವರು ಒಂದು ಡ್ರಾ ತೆಗೆದರು, ಮುಚ್ಚಿದರು. ಇನ್ನೊಂದು ತೆಗೆದರು. 'ಹಂಗಾರೆ ಬರೀರಿ. ಆದ್ರೆ ರಾಜಕೀಯ ಬ್ಯಾಡ.'

'ಲ.ಸಾ.ಅ. ರಾಜಕೀಯ ಅಲ್ಲ ಶೇಖರಪ್ಪಾರೆ.'

'ಈಗಿನ ಕಾಲದಾಗೆ ಯಾವ್ದು ರಾಜಕೀಯ ಅಲ್ಲ ಹೇಳ್ರಿ?'

ಗೋಡೆಗೆ ಒಂದು ಚೌಕ ಕಪ್ಪು ಬಣ್ಣ ಬಿತ್ತು. ದಿನಾ ಶಾಲೆ ಬಿಟ್ಟ ಮೇಲೆ ಏಳನೇ ಕ್ಲಾಸಿನ ಒಬ್ಬರು, ಪಾಳಿ ಪ್ರಕಾರ, ಅಲ್ಲಿಗೆ ಹೋಗಿ ಮೂರು ಸಾಲು ಬರೆಯಬೇಕು. ಇವತ್ತು ಏನು ಕಲಿತೆವು. ಮನೆಯಲ್ಲಿ ಏನು ಮಾಡಬೇಕು. ಮನೆಯವರು ನಮ್ಮನ್ನು ಕೇಳಬೇಕಾದ ಒಂದು ಪ್ರಶ್ನೆ.

ಮಕ್ಕಳ ಹೆಸರು ಇಲ್ಲ. ಯಾರು ಮಾಡಿದರು, ಯಾರು ಮಾಡಲಿಲ್ಲ ಅನ್ನುವುದು ಇಲ್ಲ. ಯಾಕೆಂದರೆ ನಾನು ಮೊದಲ ದಿನವೇ ಇದು ಊರ ಮುಂದೆ ಮಕ್ಕಳ ಮಾನ ಕಳೆಯುವ ಕೆಲಸ ಅಂತ ಒಂದು ಸಣ್ಣ ಭಾಷಣ ಮಾಡಿದ್ದೆ. ಅವಳು ಅಷ್ಟು ಹೊತ್ತಿಗಾಗಲೇ ಅದನ್ನು ಯೋಚಿಸಿ ಮುಗಿಸಿದ್ದಳು. ನನ್ನ ಭಾಷಣವನ್ನು ಪೂರ್ತಿ ಕೇಳಿದ್ದು ಅವಳ ದೊಡ್ಡತನ.

'ಹದಿನೈದು ದಿನ' ಅಂದಿದ್ದೆ. 'ಆಮೇಲೆ ಆ ಗೋಡೆ ಮೇಲೆ ಪಶು ಆಹಾರದ ಜಾಹೀರಾತು ಬರುತ್ತೆ.'

ಬರಲಿಲ್ಲ. ತಿಂಗಳು ಕಳೆಯಿತು, ಎರಡಾಯಿತು. ಹಾಲು ಹಾಕಲು ಬಂದವರು 'ಇವತ್ತು ಏನ್ ಕೇಳ್ಬೇಕಂತೆ?' ಅಂತ ಒಬ್ಬರನ್ನೊಬ್ಬರು ಕೇಳುವುದು ಶುರುವಾಯಿತು. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಿದ್ದರು. ಕ್ಯಾನು ಹಿಡಿದುಕೊಂಡು ಮನೆಗೆ ಹೋಗುವಾಗ 'ಎಲೆ ಹಸಿರು ಯಾಕೆ, ಎಲೆ ಹಸಿರು ಯಾಕೆ' ಅಂತ ಬಾಯಿಪಾಠ ಮಾಡುತ್ತ ಹೋದವರೂ ಇದ್ದರಂತೆ. (ಅಂತೆ. ಇದನ್ನು ನಾನು ನೋಡಿಲ್ಲ.)

ಈಗ ರತ್ನಮ್ಮನವರ ವಿಷಯಕ್ಕೆ ಬರುತ್ತೇನೆ. ಎರಡು ಹಸು ಸಾಕಿದ್ದಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದುತ್ತಾರೆ. ಅವರ ಮಗಳು ಸಿಂಚನಾ ಏಳನೇ ಕ್ಲಾಸು. ಚುರುಕು ಹುಡುಗಿ, ನಾಲಿಗೆ ಇನ್ನೂ ಚುರುಕು.

ಶಾಲೆಯಲ್ಲಿ ಪೋಷಕರ ಸಭೆ ನಡೆದಾಗಲೆಲ್ಲ ಸಿಂಚನಾಳ ಕಡೆಯಿಂದ ಬರುತ್ತಿದ್ದುದು ಅವಳ ಚಿಕ್ಕಪ್ಪ. ಬಿ.ಕಾಂ. ಓದಿದವರು, ಶಿರಾಳಕೊಪ್ಪದಲ್ಲಿ ಅಂಗಡಿ. ಬಂದು, ಕೂತು, ಫೋನು ನೋಡಿ, ಸಹಿ ಹಾಕಿ ಹೋಗುತ್ತಿದ್ದರು.

'ಅಮ್ಮನ್ನ ಕರ್ಕೊಂಡು ಬಾರೇ' ಅಂತ ಸುಮಾ ಹೇಳಿದರೆ ಹುಡುಗಿ ಹೇಳಿದ್ದು: 'ಅವ್ವ ಬಂದ್ರೆ ಏನೂ ಮಾತಾಡಲ್ಲ ಮಿಸ್. ಸುಮ್ನೆ ಕೂರ್ತಾಳೆ. ಚಿಕ್ಕಪ್ಪ ಆದ್ರೆ ಇಂಗ್ಲಿಷಲ್ಲೂ ಮಾತಾಡ್ತಾನೆ.'

ತಾಯಿಯನ್ನು ಕೇಳಿದರೆ ಅವರದೂ ಅದೇ. 'ನಾನು ಬಂದು ಎಂತ ಮಾಡ್ಲಿ ಟೀಚರ್ರೆ? ಪುಸ್ತಕ ತೋರ್ಸು ಅಂದ್ರೆ ನಿನಗೆ ಗೊತ್ತಾಗಲ್ಲ ಬಿಡವ್ವ ಅಂತಾಳೆ. ಹೌದಲ್ಲ ಅಂತ ನಾನೂ ಸುಮ್ನಾಗ್ತೀನಿ.'

ಸುಮಾಗೆ ಕೊರೆಯುತ್ತಿದ್ದುದು ಇದು. 'ಏಳನೇ ಕ್ಲಾಸಲ್ಲೇ ನಿನಗೆ ಗೊತ್ತಾಗಲ್ಲ ಅನ್ನೋದು ಶುರುವಾದರೆ ಹತ್ತನೇ ಕ್ಲಾಸಿನ ಹೊತ್ತಿಗೆ ಆ ತಾಯಿ ಕೇಳೋದನ್ನೇ ಬಿಟ್ಟುಬಿಡ್ತಾರೆ. ಆಮೇಲೆ ಆ ಹುಡುಗಿ ಏನು ಓದ್ತಾಳೆ, ಓದ್ತಾಳೋ ಬಿಡ್ತಾಳೋ, ಆ ಮನೆಯಲ್ಲಿ ಅವರದು ಒಂದು ಮಾತೂ ನಡೆಯಲ್ಲ.'

ಅವತ್ತು ನಾನು ಆನವಟ್ಟಿಗೆ ಪ್ರೆಸ್ಸಿನ ಕೆಲಸದ ಮೇಲೆ ಹೋದವನು ಸುಮಾಳನ್ನು ಕರೆದುಕೊಂಡು ಬರೋಣ ಅಂತ ಬೈಕು ಆ ಕಡೆ ತಿರುಗಿಸಿದೆ. ಸಂಜೆ ಐದೂವರೆ ಇರಬೇಕು. (ಸುಮಾ ಆರು ಅನ್ನುತ್ತಾಳೆ.) ಡೈರಿ ಮುಂದೆ ಸಾಲು ಇತ್ತು. ಗೋಡೆಯ ಹತ್ತಿರ ಸಿಂಚನಾ, ಕೈತುಂಬಾ ಚಾಕ್‌ಪೀಸ್ ಪುಡಿ. ಅವತ್ತು ಅವಳ ಪಾಳಿ.

ಪಾಠ ದಶಮಾಂಶ. ಮೂರನೇ ಸಾಲಿನ ಪ್ರಶ್ನೆ: '0.5 ದೊಡ್ಡದೋ, 0.35 ದೊಡ್ಡದೋ? ಯಾಕೆ?'

ಪ್ರಶ್ನೆ ಬರೆದು ಬಿಡಬೇಕು, ಉತ್ತರ ಬರೆಯಬಾರದು. ಆದರೆ ಚುರುಕು ಹುಡುಗಿ ಅಂತ ಹೇಳಿದೆನಲ್ಲ? ಕೆಳಗೆ ಉತ್ತರವನ್ನೂ ಬರೆದು ಅದರ ಸುತ್ತ ಚೌಕ ಹಾಕಿದ್ದಳು. '0.35 ದೊಡ್ಡದು. ಯಾಕೆಂದರೆ 5ಕ್ಕಿಂತ 35 ದೊಡ್ಡದು.'

ಸಾಲಿನಲ್ಲಿದ್ದವರು ಓದಿದರು. ಒಬ್ಬರು 'ಭೇಷ್' ಅಂದರು. ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಸುಮಾ ಎದ್ದು ನಿಂತಳು.

ಅವಳು ಬಾಯಿ ತೆರೆಯುವ ಮೊದಲೇ ಸಾಲಿನ ನಡುವಿನಿಂದ ರತ್ನಮ್ಮ ಅಂದರು: 'ತಪ್ಪು ಬರೆದೀಯ ಕಣೆ.'

ಸಿಂಚನಾ ತಿರುಗಿಯೂ ನೋಡಲಿಲ್ಲ. 'ನಿಂಗೆ ಗೊತ್ತಾಗಲ್ಲ, ಸುಮ್ಮನಿರವ್ವ.'

ಎಲ್ಲರಿಗೂ ಕೇಳಿಸಿತು. ಇಲ್ಲಿಯವರೆಗೆ ನಮ್ಮ ಮೂವರ ಸಾಕ್ಷ್ಯದಲ್ಲಿ ವ್ಯತ್ಯಾಸ ಇಲ್ಲ. ನಾನು, ಸುಮಾ, ಶೇಖರಪ್ಪ, ಮೂವರೂ ಇದನ್ನು ಒಪ್ಪುತ್ತೇವೆ.

ಮುಂದಿನದರಲ್ಲಿ ಜಗಳ.

ರತ್ನಮ್ಮ ಸಾಲು ಬಿಟ್ಟು ಮುಂದೆ ಬಂದರು. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಯಂತ್ರ ಇದೆ. ಹಾಲಿನ ಗಟ್ಟಿತನವನ್ನು ಅಂಕಿಯಲ್ಲಿ ತೋರಿಸಿ ಚೀಟಿ ಕೊಡುತ್ತದೆ. ಎಸ್‌ಎನ್‌ಎಫ್ ಅಂತಾರೆ. ಅದು ಎಂಟೂವರೆ ಬಂದರೆ ಒಳ್ಳೆಯ ಹಾಲು. ಕೆಳಗೆ ಬಂದರೆ ಶೇಖರಪ್ಪನವರು ಕನ್ನಡಕದ ಮೇಲಿಂದ ನೋಡುತ್ತಾರೆ. ಆ ನೋಟ ಯಾರಿಗೂ ಬೇಡ.

'ಶೇಖರಪ್ಪಣ್ಣ, 8.5 ಬಂದ್ರೆ ಏನಂತೀಯ?'

'ಒಳ್ಳೇ ಹಾಲು ಅಂತೀನಿ.'

'8.35 ಬಂದ್ರೆ?'

'ನೀರು ಮುಟ್ಟಿಸೀಯೇನವ್ವ ಅಂತೀನಿ.'

ಸಾಲು ನಕ್ಕಿತು. ರತ್ನಮ್ಮ ಮಗಳ ಕಡೆ ತಿರುಗಿದರು. 'ಹೇಳು. ಮೂವತ್ತೈದು ದೊಡ್ಡದಾಗಿದ್ರೆ ಈ ಅಣ್ಣ ಯಾಕೆ ಮುಖ ಗಂಟಿಕ್ಕತಾನೆ?'

ಇದು ನನ್ನ ನೆನಪು. ಶೇಖರಪ್ಪನವರ ಪ್ರಕಾರ ಆ ಮಾತು ತೆಗೆದದ್ದೇ ಅವರು, ರತ್ನಮ್ಮ 'ಹೂಂ' ಅಂದದ್ದು ಅಷ್ಟೆ. ಸುಮಾ ಪ್ರಕಾರ ಅದು ಶುದ್ಧ ಸುಳ್ಳು, ಮಾತು ರತ್ನಮ್ಮನದೇ, ಆದರೆ ಸಾಲು ನಕ್ಕಿದ್ದು ಆಮೇಲೆ.

ಇನ್ನೂ ಒಂದು ಮಾತಿದೆ. ರತ್ನಮ್ಮ ಬೋರ್ಡಿನ ಮೇಲೆ ಚುಕ್ಕಿಯ ಪಕ್ಕದ ಅಂಕಿ ಮುಟ್ಟಿ, 'ಪಾಯಿಂಟ್ ಆದ ಕೂಡ್ಲೆ ಬರೋನೇ ಯಜಮಾನ. ಅವನ ಹಿಂದೆ ಎಷ್ಟು ಜನ ಬಂದ್ರೇನು?' ಅಂದರು.

ಅಥವಾ ಅನ್ನಲಿಲ್ಲ.

ಸುಮಾ ಖಡಾಖಂಡಿತವಾಗಿ ಹೇಳುತ್ತಾಳೆ, ಅವರು ಅಂದದ್ದು 'ಮೊದಲಿಂದು ನೋಡೇ' ಅಂತ ಮಾತ್ರ. ಯಜಮಾನ ನನ್ನ ಸೃಷ್ಟಿಯಂತೆ. ಕಟಿಂಗ್ ಶಾಪಿನಲ್ಲಿ ಹುಟ್ಟಿರಬಹುದು. ಎಷ್ಟು ಸಲ ಯೋಚಿಸಿದರೂ ನನಗೆ ಆ ಮಾತು ರತ್ನಮ್ಮನ ದನಿಯಲ್ಲೇ ಕೇಳಿಸುತ್ತದೆ. ಆದರೆ ನನಗೆ ಕೇಳಿಸುತ್ತದೆ ಅನ್ನುವುದು ಪುರಾವೆಯಾ? ಯಜಮಾನನನ್ನು ಬಿಟ್ಟುಬಿಡೋಣ. 'ಮೊದಲಿಂದು ನೋಡೇ' ಸಾಕು. ಗಣಿತ ಅಷ್ಟರಲ್ಲೇ ಇದೆ.

ಸಿಂಚನಾ ಬೋರ್ಡ್ ನೋಡಿದಳು. ಅಂಗೈಯಿಂದ ಉತ್ತರ ಒರೆಸಿದಳು. ಚಾಕ್‌ಪೀಸನ್ನು ಕಿಟಕಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮನೆ ಕಡೆ ನಡೆದಳು.

ನಾನು ಜನರಿಗೆ ಹೇಳುವಾಗ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ನಾಲ್ಕನೇ ಕ್ಲಾಸಿನ ತಾಯಿ ಏಳನೇ ಕ್ಲಾಸಿನ ಮಗಳಿಗೆ ದಶಮಾಂಶ ಕಲಿಸಿದಳು! ಕೇಳಿದವರು ತಲೆದೂಗುತ್ತಿದ್ದರು. ನನಗೂ ಎದೆಯುಬ್ಬುತ್ತಿತ್ತು, ಏನೋ ನಾನೇ ಕಲಿಸಿದ ಹಾಗೆ.

ಆದರೆ ಅದು ಅಲ್ಲಿಗೆ ನಿಂತಿರಲಿಲ್ಲ.

ಎರಡು ದಿನದ ಮೇಲೆ ರತ್ನಮ್ಮ ಬಸ್‌ಸ್ಟಾಪಿಗೆ ಬಂದರಂತೆ. ಗೆದ್ದವರ ಮುಖ ಅಲ್ಲ.

'ಹಂಗೆ ಎಲ್ರ ಮುಂದೆ ಅನ್ನಬಾರದಿತ್ತು ಟೀಚರ್ರೆ. ಮಗು ನನ್ನ ಜೊತೆ ಮಾತೇ ಬಿಟ್ಟೈತೆ. ಉಂಡ್ಯಾ ಅಂದ್ರೆ ತಲೆ ಆಡಿಸ್ತಾಳೆ. ಇನ್ಮೇಲೆ ಆ ಬೋರ್ಡ್ ಕಡೆ ನಾನು ನೋಡೋದೇ ಇಲ್ಲ.'

ಅವತ್ತು ಸುಮಾ ಮನೆಗೆ ಬಂದವಳು ಇದನ್ನೆಲ್ಲ ನನಗೆ ಹೇಳಿದಳು. ಆಮೇಲೆ ಅಂದಳು: 'ಬೋರ್ಡ್ ಹಾಕಿದ್ದು ನಾನು. ಊರ ಮುಂದೆ ಮಾನ ಹೋಗುತ್ತೆ ಅಂತ ನೀವು ಹೇಳಿದ್ರಿ. ಆಗಿದ್ದು ಅದೇ.'

ನಾನು ಹೇಳಿದ್ದು ನಿಜವಾಗಿತ್ತು. ನಿಜವಾದದ್ದಕ್ಕೆ ಅಷ್ಟು ಬೇಜಾರಾದದ್ದು ನನಗೆ ಅದೇ ಮೊದಲು.

ಮರುದಿನ ಅವಳು ಕ್ಲಾಸಿನಲ್ಲಿ ಸಿಂಚನಾಳ ಹೆಸರೆತ್ತಲಿಲ್ಲ. ಉಪದೇಶ ಮಾಡಲಿಲ್ಲ. 0.5, 0.35 ಎರಡನ್ನೂ ಬೋರ್ಡಿನಲ್ಲಿ ಬರೆದು, ಯಾವುದು ದೊಡ್ಡದು ಅಂತ ಎಲ್ಲರಿಗೂ ಚೀಟಿಯಲ್ಲಿ ಬರೆದುಕೊಡಲು ಹೇಳಿದಳು. ಓದಿ ನೋಡಿದರೆ ಅರ್ಧ ಕ್ಲಾಸು 0.35 ಅಂದಿತ್ತು. ಆ ಸುದ್ದಿಯನ್ನು ಮಾತ್ರ ಜೋರಾಗಿ ಹೇಳಿದಳು. ತಪ್ಪಿದ್ದು ಒಬ್ಬಳಲ್ಲ, ಅರ್ಧ ಕ್ಲಾಸು. ಆಮೇಲೆ ಅಂದಳು: 'ನಾಳೆ ಎಲ್ಲರೂ ಮನೆಯಿಂದ ಡೈರಿ ಚೀಟಿ ತನ್ನಿ. ಹಾಲು ಹಾಕದವರು ಪಕ್ಕದ ಮನೆಯಿಂದ ತನ್ನಿ. ಅದು ನಿಮ್ಮ ಹೋಂವರ್ಕ್.'

ಎಲ್ಲರೂ ಒಂದೆರಡು ತಂದರು. ಸಿಂಚನಾ ಒಂದು ಕಟ್ಟು ತಂದಳು. ರತ್ನಮ್ಮ ಚೀಟಿ ಬಿಸಾಡುವುದಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಒಂದು ಕೊಕ್ಕೆ ತಂತಿಗೆ ಚುಚ್ಚಿಡುತ್ತಾರೆ. ಆ ತಂತಿಯ ಸಮೇತ ತಂದಿದ್ದಳು. ಮಗಳು ಕೇಳಿದಳಾ, ತಾಯಿ ತಾನಾಗಿ ಕೊಟ್ಟರಾ? ಸುಮಾಗೆ ಗೊತ್ತಿಲ್ಲ. ಕೇಳಲಿಲ್ಲ. ನಾನಾಗಿದ್ದರೆ ಕೇಳಿ ಕೆಡಿಸುತ್ತಿದ್ದೆ.

ಅವತ್ತು ಇಡೀ ಕ್ಲಾಸು ನೆಲದ ಮೇಲೆ ಚೀಟಿ ಹರಡಿಕೊಂಡು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿತು. 8.29, 8.3, 8.35, 8.4, 8.5. ಕಿಟಕಿಯವರೆಗೂ ಸಾಲು. ಗಾಳಿ ಬಂದಾಗ ಹಾರಿದವು, ಮತ್ತೆ ಜೋಡಿಸಿದರು. ಎರಡನೇ ಸಲ ಬೇಗ ಆಯಿತು. ಮೂರನೇ ಸಲ ಮಕ್ಕಳೇ ಕಿಟಕಿ ತೆಗೆದರು, ಹಾರಲಿ ಅಂತ.

ಸಂಜೆ ಡೈರಿ ಗೋಡೆಯ ಮೇಲೆ: 'ಇವತ್ತು ನಿಮ್ಮ ಚೀಟಿಗಳಿಂದ ಗಣಿತ ಕಲಿತೆವು.'

ಹೆಂಡತಿಯನ್ನು ಹೊಗಳಿ ಅಂಕಣ ಬರೆಯುವುದು ಅಷ್ಟೊಂದು ಮರ್ಯಾದೆಯ ಕೆಲಸವಲ್ಲ. ಗೊತ್ತು. ಆದರೆ ಹೇಳಿ, ನಾವು ಓದಿದವರು ಶಾಲೆಗೆ ಬಂದ ತಾಯಿಯನ್ನು ಮೊದಲು ಕೇಳುವುದು ಏನು? ಎಷ್ಟು ಓದಿದ್ದೀರಿ? ನಾಲ್ಕನೇ ಕ್ಲಾಸು ಅಂದರೆ ಅಲ್ಲಿಗೆ ಮಾತು ಮುಗಿಯಿತು. ದಿನಕ್ಕೆ ಎರಡು ಸಲ, ವರ್ಷಗಟ್ಟಲೆ, ಎರಡು ಸ್ಥಾನದ ದಶಮಾಂಶ ನೋಡಿ ವ್ಯವಹಾರ ಮಾಡಿದವರು ಅವರು. ಅದನ್ನು ಯಾವ ಫಾರಂ ಕೇಳುತ್ತದೆ? ಪೋಷಕರಿಗೆ ಮಾಹಿತಿ ಕೊಡಬೇಕು, ಮಾಹಿತಿ ಕೊಡಬೇಕು ಅಂತ ನಾವೆಲ್ಲ ಬಡಿದುಕೊಳ್ಳುತ್ತೇವೆ. ಕೊಡುವುದಷ್ಟೇ ಗೊತ್ತು ನಮಗೆ. ಅಲ್ಲಿಂದ ವಾಪಸ್ ಏನಾದರೂ ಬಂದೀತು ಅಂತ ಯಾವ ಆಪ್ ಮಾಡಿದವನೂ ಯೋಚಿಸಿದ ಹಾಗೆ ಕಾಣೆ. ಎರಡು ಬಸ್ಸು ಬದಲಿಸಿ ಹೋಗುವ ಒಬ್ಬಳು ಟೀಚರ್ ಯೋಚಿಸಿದಳು. ನನಗೆ ಹೆಮ್ಮೆ. ಇಷ್ಟು ಬರೆದಾಯಿತಲ್ಲ, ಸಾಕು.

ಆಮೇಲಿನ ಪೋಷಕರ ಸಭೆ ಒಂದು ಶನಿವಾರ. ನಾನು ಮಧ್ಯಾಹ್ನದಿಂದ ಬಾಗಿಲಲ್ಲೇ ಕಾಯುತ್ತಿದ್ದೆ ಅಂದರೆ ಉತ್ಪ್ರೇಕ್ಷೆ. ಆದರೆ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿದ್ದೆ.

'ರತ್ನಮ್ಮ ಬಂದಿದ್ರಾ?'

'ಚಪ್ಪಲಿ ಬಿಡೋಕಾದ್ರೂ ಬಿಡ್ರೀ. ಬಂದಿದ್ರು.'

'ಮಾತಾಡಿದ್ರಾ?'

'ಮಾತಾಡಿದ್ರು ಅನ್ಸುತ್ತೆ. ಋಣ ಸಂಖ್ಯೆ ಅಂದ್ರೆ ಏನು, ಬೋರ್ಡಲ್ಲಿ ನೋಡಿದೆ, ತಿಳೀಲಿಲ್ಲ ಅಂತ ಕೇಳಿದ್ರು. ಕಿಟಕಿ ಪಕ್ಕ ಕೂತಿದ್ರು.'

'ಅನ್ಸುತ್ತೆ ಅಂದ್ರೆ? ಅವರೇನಾ? ಬೇರೆ ಯಾರಾದರೂ ಇರಬಹುದಲ್ಲ?'

ಸುಮಾ ಬ್ಯಾಗು ಕೆಳಗಿಟ್ಟಳು. 'ನೋಡ್ರೀ, ಇಪ್ಪತ್ತು ಜನ ಒಟ್ಟಿಗೇ ಮಾತಾಡ್ತಿದ್ರು. ನಿಮಗೆ ನಿಮ್ಮ ಮೇಲೆ ಅನುಮಾನ ಇದ್ದರೆ ಇಟ್ಕೊಳಿ, ನನ್ನ ಮೇಲೆ ಯಾಕೆ? ಅಷ್ಟಿದ್ರೆ ಸೋಮವಾರ ಬಂದು ಸಭೆಯ ಪುಸ್ತಕ ನೀವೇ ನೋಡಿ.'

ಹೋದೆ. ಹೌದು, ಇದಕ್ಕಾಗಿಯೇ ಹೋದೆ. ಪ್ರೆಸ್ಸಿಗೆ ಅರ್ಧ ದಿನ ಬಾಗಿಲು ಹಾಕಿ.

ಹೆಡ್‌ಮಾಸ್ಟರು ನನ್ನನ್ನು ವಿಚಿತ್ರವಾಗಿ ನೋಡಿದರೂ ಸಭೆಯ ಪುಸ್ತಕ ತೆಗೆದುಕೊಟ್ಟರು. ಆ ಶಾಲೆಯಲ್ಲಿ ಒಂದು ಪದ್ಧತಿ. ಸಭೆಯ ಹಿಂದಿನ ದಿನ ಪುಸ್ತಕ ಕ್ಲಾಸಿಗೆ ಬರುತ್ತದೆ. ಪ್ರತಿ ಮಗುವೂ ತನ್ನ ಹೆಸರಿನ ಮುಂದೆ, ನಾಳೆ ತನ್ನ ಕಡೆಯಿಂದ ಯಾರು ಬರಬೇಕು ಅಂತ ತಾನೇ ಬರೆಯಬೇಕು. ಬಂದವರು ಪಕ್ಕದಲ್ಲಿ ಸಹಿ ಹಾಕುತ್ತಾರೆ.

ಹಿಂದಿನ ಸಭೆಯ ಪುಟ ತಿರುವಿದೆ. ಸಿಂಚನಾಳ ಹೆಸರಿನ ಮುಂದೆ 'ಚಿಕ್ಕಪ್ಪ', ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸುರುಳಿ ಸಹಿ. ಅದರ ಹಿಂದಿನದರಲ್ಲೂ 'ಚಿಕ್ಕಪ್ಪ'.

ಡೈರಿ ಗೋಡೆಯ ಮುಂದೆ ಯಾರು ಏನಂದರು ಅನ್ನುವುದು ನನಗೆ ಇನ್ನೂ ಖಾತ್ರಿಯಿಲ್ಲ. ಆದರೆ ಈ ಸಲದ ಪುಟವನ್ನು ಎರಡು ಸಲ ಓದಿದ್ದೇನೆ, ಸಿಂಚನಾ ತನ್ನ ಕೈಯಾರೆ ಬರೆದಿದ್ದಾಳೆ: 'ನಮ್ಮ ಅವ್ವನೇ ಬರ್ತಾಳೆ.'